ಕಿತ್ತುಬಂದ ಕಾಗದ, ಎದ್ದ ಗುಳ್ಳೆ: ನ್ಯೂಜೆರ್ಸಿಯ ಒಂದು ಊಟದ ಕೋಣೆಯ ಡ್ರೈವಾಲ್ ರಿಪೇರಿ

ಅಕ್ಕ-ಭಾವ ನ್ಯೂಜೆರ್ಸಿಯಲ್ಲಿ ಕೊಂಡಿರುವ ಮನೆ 1966ರಲ್ಲಿ ಕಟ್ಟಿದ್ದು. ಮರದ ಚೌಕಟ್ಟು, ಅದರ ಮೇಲೆ ಡ್ರೈವಾಲ್, ಅಂದರೆ ಕಾಗದ ಹೊದಿಸಿದ ಜಿಪ್ಸಮ್ ಹಲಗೆ. ಅಡುಗೆಮನೆ ಹೊಸದು ಮಾಡಿಸುವಾಗ ಪಕ್ಕದ ಊಟದ ಕೋಣೆಯ ಹಳೇ ವಾಲ್‌ಪೇಪರನ್ನೂ ತೆಗೆಸಿ ಬಣ್ಣ ಹೊಡೆಸೋಣ ಅಂತ ಹೊರಟರು. ಕೇಳೋಕೆ ಸಣ್ಣ ಕೆಲಸ. ಗೋಡೆ ಮೇಲೆ ಎರಡು ಪದರ ವಾಲ್‌ಪೇಪರ್ ಇತ್ತು. ಬಂದ ಪೇಂಟರ್ ಅದನ್ನು ನೆನೆಸದೆ ಹಾಗೇ ಎಳೆದು ಕಿತ್ತರು. ವಾಲ್‌ಪೇಪರ್ ಜೊತೆ ಡ್ರೈವಾಲ್‌ನ ಮೇಲ್ಕಾಗದವೂ ಪಟ್ಟಿ ಪಟ್ಟಿಯಾಗಿ ಎದ್ದುಬಂತು. ಒಳಗಿನ ಕಂದು ಕಾಗದ ಹೊರಗೆ ಕಾಣತೊಡಗಿತು. ಅದರ ಮೇಲೇ ಜಾಯಿಂಟ್ ಕಾಂಪೌಂಡ್ (ಹಲಗೆಗಳ ಸಂದಿ ಮುಚ್ಚುವ ಪುಟ್ಟಿಯಂಥ ಮಿಶ್ರಣ) ಬಳಿದು, ಒಣಗಿದ ಮೇಲೆ ನೀರಿನ ಪ್ರೈಮರ್ ಹೊಡೆದರು. ಗೋಡೆ ತುಂಬಾ ಗುಳ್ಳೆ ಎದ್ದಿತು.

ಆಮೇಲೆ ನೋಡಲು ಬಂದ ಇನ್ನೊಬ್ಬ ಕಂಟ್ರ್ಯಾಕ್ಟರ್, "ಇದು ಉಳಿಯಲ್ಲ, ಎಲ್ಲಾ ಕಿತ್ತು ಹೊಸ ಹಲಗೆ ಹಾಕೋಣ" ಅಂದರಂತೆ. ಭಾವ ನನಗೆ ಫೋನ್ ಮಾಡಿದರು. "ನೀನು ಒಂದ್ಸಲ ಬಂದು ನೋಡು. ಕಿತ್ತು ಹಾಕೋದೇ ಆದ್ರೆ ನಿನ್ನ ಬಾಯಲ್ಲೇ ಕೇಳಿ ಕಿತ್ತು ಹಾಕ್ತೀನಿ" ಅಂದರು. ಮನೆ ರಿಪೇರಿಯೇ ನನ್ನ ಕೆಲಸ. ಹೋಗಿ ನೋಡಿದೆ. ಆ ಕೋಣೆಯಲ್ಲಿ ಏನು ಮಾಡಿದೆವು, ಯಾಕೆ ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಹಳೇ ಮನೆ ಕೊಂಡ ನಮ್ಮವರು ಎಷ್ಟೋ ಜನ ಇದೇ ಗುಳ್ಳೆ ಗೋಡೆ ಮುಂದೆ ನಿಂತು ತಲೆ ಕೆಡಿಸಿಕೊಂಡಿದ್ದಾರೆ.

ಊರಲ್ಲಿ ಇಟ್ಟಿಗೆ, ಸಿಮೆಂಟು, ಗಾರೆ ನೋಡಿ ಬೆಳೆದ ನಮಗೆ ಡ್ರೈವಾಲ್‌ನ ಸ್ವಭಾವ ಬೇಗ ಅರ್ಥವಾಗುವುದಿಲ್ಲ. ಗಾರೆ ಗೋಡೆಯಲ್ಲಿ ಬಲ ಇರುವುದು ಗಾರೆಯಲ್ಲೇ. ಡ್ರೈವಾಲ್‌ನಲ್ಲಿ ಬಲ ಇರುವುದು ಕಾಗದದಲ್ಲಿ. ಎರಡು ಕಾಗದಗಳ ನಡುವೆ ಜಿಪ್ಸಮ್ ತುಂಬಿದ ಹಲಗೆ ಅದು. ಬರೀ ಜಿಪ್ಸಮ್ ತುಂಡನ್ನು ಕೈಯಲ್ಲಿ ಹಿಡಿದು ಒತ್ತಿದರೆ ಪುಡಿಯಾಗುತ್ತದೆ. ಗಾರೆಯನ್ನೂ ಕಾಗದವನ್ನೂ ಪದರ ಪದರವಾಗಿ ಸೇರಿಸಿ ಹಲಗೆ ಮಾಡಲು ಆಗಸ್ಟೀನ್ ಸ್ಯಾಕೆಟ್ ಎಂಬಾತ 1894ರಲ್ಲಿ ಪೇಟೆಂಟ್ ಪಡೆದ. ಎರಡನೇ ಮಹಾಯುದ್ಧದ ನಂತರ ಬೇಗ ಬೇಗ ಮನೆ ಎಬ್ಬಿಸಬೇಕಾಗಿ ಬಂದಾಗ ಇಂಥ ಹಲಗೆಗಳೇ ಅಮೆರಿಕದ ಗೋಡೆಗಳಾದವು. ಅವತ್ತಿಗೂ ಇವತ್ತಿಗೂ ಹಲಗೆಯನ್ನು ಮೊಳೆಗೆ ಕಚ್ಚಿಸಿ ಹಿಡಿದಿರುವುದು, ಬಾಗದ ಹಾಗೆ ಕಾಯುವುದು, ಬಣ್ಣಕ್ಕೆ ಆಧಾರ ಕೊಡುವುದು ಎಲ್ಲಾ ಆ ತೆಳು ಕಾಗದವೇ. ಅಕ್ಕನ ಮನೆಯ ಕೋಣೆಯಲ್ಲಿ ಕೆಟ್ಟಿದ್ದೂ ಬಹುಪಾಲು ಕಾಗದವೇ. ಒಳಗಿನ ಜಿಪ್ಸಮ್ ಒಂದು ಜಾಗ ಬಿಟ್ಟರೆ ಎಲ್ಲಾ ಕಡೆ ಗಟ್ಟಿಯಾಗಿತ್ತು. ಅದಕ್ಕೇ ನಾನು ಕಿತ್ತು ಹಾಕುವುದು ಬೇಡ ಅಂದೆ.

ಗೋಡೆಗೆ ಕೈ ಇಡುವ ಮೊದಲೇ ಮಾಡಬೇಕಾದ ಕೆಲಸ ಒಂದಿತ್ತು. 1966ರ ಮನೆ ಅಂದರೆ ಜಾಯಿಂಟ್ ಕಾಂಪೌಂಡ್‌ನಲ್ಲಿ ಆಸ್‌ಬೆಸ್ಟಾಸ್, ಅಂದರೆ ಧೂಳಾಗಿ ಉಸಿರಿಗೆ ಹೋದರೆ ಶ್ವಾಸಕೋಶ ಕೆಡಿಸುವ ನಾರಿನಂಥ ಖನಿಜ, ಇರಬಹುದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಗೋಡೆಗೆ ಮೆತ್ತುವ ಇಂಥ ಕಾಂಪೌಂಡ್‌ಗಳಲ್ಲಿ ಆಸ್‌ಬೆಸ್ಟಾಸ್ ಬಳಸುವುದನ್ನು ನಿಷೇಧಿಸಿದ್ದು 1977ರಲ್ಲಿ. ಮನೆ ಬಣ್ಣದಲ್ಲಿ ಸೀಸಕ್ಕೆ ತಡೆ ಬಿದ್ದಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯಲ್ಲಿ ಪರೀಕ್ಷೆ ಮಾಡಿಸದೆ ಸ್ಯಾಂಡ್ ಪೇಪರ್ ಹಿಡಿಯುವುದು ತಪ್ಪು. ಮನೆಯಲ್ಲಿ ಮಕ್ಕಳಿದ್ದರಂತೂ ಖಂಡಿತ ಕೂಡದು. ಹಲಗೆಗಳು ಕೂಡುವ ಕಡೆ, ಮೂಲೆಯಲ್ಲಿ, ಹಳೇ ತೇಪೆಯಲ್ಲಿ, ಹೀಗೆ ಬೇರೆ ಬೇರೆ ಕಡೆಯಿಂದ ನೀರು ಚಿಮುಕಿಸಿ ಚೂರು ಚೂರು ಕೆತ್ತಿ, ಪುಟ್ಟ ಚೀಲಗಳಲ್ಲಿ ಮುಚ್ಚಿ ಲ್ಯಾಬಿಗೆ ಕಳಿಸಿದೆವು. ಒಂದೇ ಜಾಗದ ಚೂರು ಸಾಲದು, ಯಾಕೆಂದರೆ ಒಂದೇ ಗೋಡೆಯಲ್ಲಿ ಬೇರೆ ಬೇರೆ ಕಾಲದ ಕಾಂಪೌಂಡ್ ಇರುತ್ತದೆ. ಕಿಟಕಿ ಚೌಕಟ್ಟಿನ ಬಣ್ಣದ ಚಕ್ಕೆಯನ್ನೂ ಸೀಸದ ಪರೀಕ್ಷೆಗೆ ಸೇರಿಸಿದೆವು. ವರದಿ ಬರುವವರೆಗೆ ಕೋಣೆಗೆ ಬೀಗ. ನಮ್ಮ ಪುಣ್ಯ, ಎರಡೂ ಇರಲಿಲ್ಲ. ಆಸ್‌ಬೆಸ್ಟಾಸ್ ಇದ್ದಿದ್ದರೆ ಈ ಕಥೆಯೇ ಬೇರೆ ಇರುತ್ತಿತ್ತು. ಅದಕ್ಕೆ ಪರವಾನಗಿ ಇರುವವರನ್ನೇ ಕರೆಸಬೇಕು.

ಸಂಜೆ ಕತ್ತಲಾದ ಮೇಲೆ ಲೈಟು ಆರಿಸಿ ಗೋಡೆ ಓದಿದೆವು. ಟಾರ್ಚನ್ನು ಗೋಡೆಗೆ ತಾಗಿಸಿದ ಹಾಗೆ ಅಡ್ಡಲಾಗಿ ಹಿಡಿಯಬೇಕು. ಎದುರಿನಿಂದ ಬೆಳಕು ಬಿಟ್ಟರೆ ಎಲ್ಲಾ ಸಪಾಟಾಗಿ ಕಾಣುತ್ತದೆ. ಅಡ್ಡ ಬೆಳಕು ಬಿಟ್ಟರೆ ಪ್ರತಿ ಗುಳ್ಳೆಗೂ ಒಂದು ನೆರಳು ಬೀಳುತ್ತದೆ. ಭಾವ ಟಾರ್ಚ್ ಹಿಡಿದರು, ನಾನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಗುಳ್ಳೆಗೆ ಸೊನ್ನೆ, ಎದ್ದ ಮೊಳೆಗೆ ಗುಣಿಸು ಚಿಹ್ನೆ, ಹಲಗೆಗಳ ಸಂದಿ ಮೇಲೆ ಅಂಟಿಸಿದ ಟೇಪು ಬಿಟ್ಟ ಕಡೆ ಉದ್ದ ಗೆರೆ. ಅಂಗೈಯಿಂದ ಅಲ್ಲಲ್ಲಿ ಒತ್ತಿ ನೋಡಿದೆ. ಹಲಗೆ ಒಳಗೆ ಹೊರಗೆ ಆಡಿದರೆ ಅಲ್ಲಿ ಮೊಳೆ ಸಡಿಲ ಅಂತ ಅರ್ಥ. ಪಶ್ಚಿಮದ ಕಿಟಕಿಯ ಕೆಳಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದರೆ ಸಲೀಸಾಗಿ ಒಳಗೆ ಹೋಯಿತು. ಅಲ್ಲಿ ಜಿಪ್ಸಮ್ ನೆನೆದು ಸತ್ತಿತ್ತು.

ಈ ಗುರುತುಗಳನ್ನು ನೋಡಿದ ಮೇಲೆ ಭಾವನಿಗೂ ಸಮಾಧಾನವಾಯಿತು. ಕೆಟ್ಟ ಗೋಡೆ ಅಂತ ಒಂದೇ ಹೆಸರು ಹಿಡಿದು ಕೂತರೆ ಎಲ್ಲಾ ಕಿತ್ತು ಹಾಕಬೇಕು ಅನಿಸುತ್ತದೆ. ಬಿಡಿಸಿ ನೋಡಿದರೆ ಅಲ್ಲಿದ್ದಿದ್ದು ಬೇರೆ ಬೇರೆ ತೊಂದರೆ, ಒಂದೊಂದಕ್ಕೂ ಬೇರೆ ಮದ್ದು. ಇನ್ನು ಹೊಸ ಹಲಗೆ ಹಾಕಿದರೂ ಕೆಲಸ ಕಮ್ಮಿಯಾಗಲ್ಲ. ಕಿಟಕಿ-ಬಾಗಿಲ ಚೌಕಟ್ಟು, ಕೆಳಗಿನ ಬೇಸ್‌ಬೋರ್ಡು ಎಲ್ಲಾ ಬಿಚ್ಚಬೇಕು. ಚಾವಣಿ ಸೇರುವ ಮೂಲೆಯ ಟೇಪು ಹರಿಯುತ್ತದೆ. ಚಳಿ-ಸೆಕೆ ತಡೆಯಲು ಹೊರಗೋಡೆಯೊಳಗೆ ತುಂಬಿದ ಇನ್ಸುಲೇಷನ್ ಕದಡುತ್ತದೆ. ಕೊನೆಗೆ ಟೇಪು, ಮಡ್ (ಜಾಯಿಂಟ್ ಕಾಂಪೌಂಡ್‌ಗೆ ಇಲ್ಲಿನವರ ಹೆಸರು), ಸ್ಯಾಂಡಿಂಗ್ ಹೇಗೂ ಮಾಡಲೇಬೇಕು. ಹಳೇ ಗೋಡೆ ಮೇಲೇ ಕಾಲು ಇಂಚಿನ ತೆಳು ಹಲಗೆ ಹೊದಿಸುವ ದಾರಿಯೂ ಇದೆ. ಆದರೆ ಗೋಡೆ ಕಾಲು ಇಂಚು ಮುಂದೆ ಬಂದರೆ ಸ್ವಿಚ್ ಡಬ್ಬಿಗಳು ಒಳಗೆ ಹೂತುಹೋಗುತ್ತವೆ, ಚೌಕಟ್ಟಿನ ಅಂಚು ಗೋಡೆಗೆ ಸರಿಯಾಗಿ ಕೂರುವುದಿಲ್ಲ. ಹಲಗೆಯ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಮೆತ್ತಗಾಗಿದ್ದರೆ ನಾನೂ ಕಿತ್ತೇ ಹಾಕುತ್ತಿದ್ದೆ. ಇಲ್ಲಿ ಅಷ್ಟಿರಲಿಲ್ಲ.

ಕಿಟಕಿ ಕೆಳಗಿನಿಂದ ಶುರು ಮಾಡಿದೆವು. ನೀರು ಎಲ್ಲಿಂದ ಬಂತು ಅಂತ ಗೊತ್ತಾಗದೆ ಅಲ್ಲಿ ತೇಪೆ ಹಾಕಿದರೆ ದುಡ್ಡು ದಂಡ. ಹೊರಗೆ ಹೋಗಿ ನೋಡಿದರೆ ಕಿಟಕಿಯ ಮೇಲಂಚಿನ ಕಾಕ್, ಅಂದರೆ ಸಂದಿಗೆ ನೀರು ಇಳಿಯದ ಹಾಗೆ ತುಂಬುವ ಮೆತ್ತನೆ ಮೇಣ, ಒಣಗಿ ಬಿರುಕು ಬಿಟ್ಟು ದೂರ ಸರಿದಿತ್ತು. ಮಳೆ ನೀರು ಅಲ್ಲಿಂದ ಇಳಿದು ಕೆಳಗಿನ ಮೂಲೆಯಲ್ಲಿ ನಿಲ್ಲುತ್ತಿತ್ತು. ಅದನ್ನು ಸರಿಮಾಡಿ, ಒಂದು ಜೋರು ಮಳೆ ಬಂದುಹೋಗಲಿ ಅಂತ ಕಾದು, ಒಳಗೆ ತೇವದ ಮೀಟರ್ ಇಟ್ಟು ನೋಡಿದ ಮೇಲೇ ಗೋಡೆ ಕೊಯ್ದೆವು. ಎರಡೂ ಪಕ್ಕದ ಮರದ ಕಂಬಗಳ ನಡುಮಧ್ಯದವರೆಗೆ ಚೌಕವಾಗಿ ಕೊಯ್ದು ತೆಗೆದರೆ ಹೊಸ ತುಂಡಿಗೆ ಕೂರಲು ಜಾಗ ಸಿಗುತ್ತದೆ. ಈ ಮನೆಗಳಲ್ಲಿ ಕಂಬದಿಂದ ಕಂಬಕ್ಕೆ ಸಾಮಾನ್ಯವಾಗಿ 16 ಇಂಚು. ಒಳಗೆ ಮರ ಕಪ್ಪಾಗಿತ್ತೇ ಹೊರತು ಕೊಳೆತಿರಲಿಲ್ಲ. ನೆನೆದ ಇನ್ಸುಲೇಷನ್ ತೆಗೆದು ಹೊಸದು ತುಂಬಿ, ಅರ್ಧ ಇಂಚಿನ ಹೊಸ ತುಂಡನ್ನು ನೆಲದಿಂದ ಸ್ವಲ್ಪ ಎತ್ತರಿಸಿ ಸ್ಕ್ರೂ ಹಾಕಿದೆವು. ನೆಲಕ್ಕೆ ತಾಗಿಸಿದರೆ ಮುಂದೆ ಯಾವತ್ತಾದರೂ ನೀರು ಚೆಲ್ಲಿದಾಗ ಹಲಗೆ ಅದನ್ನು ಕೆಳಗಿನಿಂದ ಹೀರುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಫಾಲ್ಸ್ ಸೀಲಿಂಗ್‌ಗೆ ಹಾಕುವ ಜಿಪ್ಸಮ್ ಬೋರ್ಡಿಗೂ ಇದೇ ಗತಿ. ಮೇಲಿನ ಮನೆ ಬಚ್ಚಲು ಸೋರಿ ಹಳದಿ ಕಲೆ ಬಂದಾಗ ಅದರ ಮೇಲೆ ಪುಟ್ಟಿ ಹಚ್ಚಿ ಬಣ್ಣ ಹೊಡೆಯುತ್ತಾರೆ. ಸೋರುವುದು ನಿಂತಿರದಿದ್ದರೆ ಕಲೆ ಮತ್ತೆ ಬರುತ್ತದೆ. ನಿಂತಿದ್ದರೂ ಮೆತ್ತಗಾದ ತುಂಡನ್ನು ಕೊಯ್ದು ಬದಲಿಸಬೇಕು.

ಈಗ ಕಾಗದದ ವಿಷಯಕ್ಕೆ ಬರೋಣ. ಈ ಕೋಣೆಯ ನಿಜವಾದ ಕೆಲಸ ಇದೇ.

ಗುಳ್ಳೆ ಯಾಕೆ ಬಂತು? ಡ್ರೈವಾಲ್‌ನ ಕಾಗದ ಒಂದೇ ಹಾಳೆಯ ಹಾಗೆ ಕಂಡರೂ ಒಳಗೆ ಪದರ ಪದರ. ಮೇಲಿನ ಪದರ ನಯವಾಗಿ, ಬಿಗಿಯಾಗಿ ಇರುತ್ತದೆ. ಅದು ಹರಿದರೆ ಒಳಗಿನ ಕಂದು ಪದರಕ್ಕೆ ನೀರು ತಡೆಯುವ ಶಕ್ತಿ ಇಲ್ಲ. ಕಾಂಪೌಂಡ್‌ನಲ್ಲೂ ನೀರಿದೆ, ಪ್ರೈಮರ್‌ನಲ್ಲೂ ನೀರಿದೆ. ಕಾಗದ ಆ ನೀರು ಕುಡಿದು ಹಿಗ್ಗುತ್ತದೆ, ಹಿಂದಿನ ಜಿಪ್ಸಮ್‌ನಿಂದ ಬಿಟ್ಟುಕೊಂಡು ಮೇಲೇಳುತ್ತದೆ. ಮೇಲೆ ಬಳಿದ ಕಾಂಪೌಂಡ್ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಅದರ ಮೇಲೆ ಇನ್ನಷ್ಟು ಕಾಂಪೌಂಡ್ ಹಚ್ಚಿದರೆ ಇನ್ನಷ್ಟು ನೀರು, ಇನ್ನಷ್ಟು ಗುಳ್ಳೆ. ಎಷ್ಟು ಪದರ ಬಳಿದರೂ ಸರಿಹೋಗುವುದಿಲ್ಲ.

ಹಾಗಾಗಿ ಮೊದಲು ಪ್ರತಿ ಗುಳ್ಳೆಯನ್ನೂ ಹೊಸ ಬ್ಲೇಡಿನಲ್ಲಿ ಸುತ್ತ ಕೊಯ್ದು ತೆಗೆದೆವು. ಎಲ್ಲಿಯವರೆಗೆ ಕಾಗದ ಜಿಪ್ಸಮ್‌ಗೆ ಬಿಗಿಯಾಗಿ ಅಂಟಿದೆಯೋ ಅಲ್ಲಿಯವರೆಗೆ ಹೋಗಿ ನಿಲ್ಲಬೇಕು. ಎಳೆದು ಹರಿಯಬಾರದು, ಕೊಯ್ಯಬೇಕು. ಹರಿದರೆ ಮತ್ತೊಂದು ಸಡಿಲ ಅಂಚು ಹುಟ್ಟುತ್ತದೆ. ಕೊಯ್ದ ಅಂಚಿನಲ್ಲಿ ಎದ್ದು ನಿಂತ ನಾರನ್ನು ನಯವಾದ ಸ್ಯಾಂಡ್ ಪೇಪರಿನಲ್ಲಿ ಒಂದೆರಡು ಸಲ ಸವರಿದೆ, ಅಷ್ಟೇ. ಆಮೇಲೆ ಸೀಲರ್. ಇಂಥ ಗೋಡೆಗೆ ನಾನು ಬಳಸುವುದು ಜಿನ್ಸರ್ ಕಂಪನಿಯ ಗಾರ್ಡ್ಜ್. ಹರಿದ ಡ್ರೈವಾಲ್ ಕಾಗದಕ್ಕೆ ಅಂತಲೇ ಬರುವ ನೀರಿನ ಸೀಲರ್ ಇದು. ಇದೂ ನೀರಿನದೇ ಅಲ್ವಾ, ಇದರಿಂದ ಗುಳ್ಳೆ ಬರಲ್ವಾ ಅಂತ ಭಾವ ಕೇಳಿದರು. ಒಳ್ಳೇ ಪ್ರಶ್ನೆ. ಇದು ಬಹಳ ತೆಳ್ಳಗಿರುತ್ತದೆ, ಕಾಗದದ ನಾರಿನೊಳಕ್ಕೆ ಇಳಿದು ಅದನ್ನು ಹಿಂದಿನ ಜಿಪ್ಸಮ್‌ಗೆ ಕಟ್ಟಿಹಾಕಿ ಗಟ್ಟಿಯಾಗುತ್ತದೆ. ತೆಳ್ಳಗಿರುವುದರಿಂದಲೇ ರೋಲರಿನಿಂದ ಸೋರಿ ಕೆಳಗೆ ಹರಿಯುತ್ತದೆ, ನೆಲಕ್ಕೆ ಏನಾದರೂ ಹಾಸಲೇಬೇಕು. ಒಣಗಿದ ಮೇಲೆ ಉಗುರಿನಿಂದ ಕೆರೆದು ನೋಡಿದೆ. ಮೊದಲು ಮೆತ್ತಗೆ ಬಟ್ಟೆಯಂತಿದ್ದ ಕಂದು ಕಾಗದ ಈಗ ಉಗುರಿಗೆ ಜಾರಿತು. ಸೀಲರ್ ಹಾಕಿದ ಮೇಲೂ ಎರಡು ಮೂರು ಕಡೆ ಸಣ್ಣ ಗುಳ್ಳೆ ಎದ್ದವು. ಅವು ನಾವು ಕೊಯ್ಯದೆ ಬಿಟ್ಟ ಸಡಿಲ ಜಾಗಗಳು. ಈಗಲೇ ತೋರಿಸಿಕೊಂಡಿದ್ದು ಒಳ್ಳೆಯದೇ. ಕೊಯ್ದು, ಮತ್ತೆ ಸೀಲ್ ಮಾಡಿದೆವು. ಎಣ್ಣೆ ಪ್ರೈಮರಿನಲ್ಲೂ ಈ ಕೆಲಸ ಮಾಡಬಹುದು, ಮನೆಯಲ್ಲಿ ಜನ ಇರುವಾಗ ಆ ವಾಸನೆ ಕಷ್ಟ.

ಅಡುಗೆಮನೆ ಕಡೆಯ ಗೋಡೆಯ ಕಾಗದ ಹರಿದಿರಲಿಲ್ಲ. ಆದರೆ ಅಲ್ಲಿ ಪ್ರೈಮರ್ ಸಣ್ಣಗೆ ಬಲೆ ಬಲೆಯಾಗಿ ಬಿರಿದಿತ್ತು. ಹಳೇ ವಾಲ್‌ಪೇಪರಿನ ಅಂಟು ಉಳಿದಿದೆ ಅನ್ನುವ ಅನುಮಾನ ಬಂತು. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್‌ಗೆ ನೀರು ಬೆರೆಸಿ, ಪ್ರೈಮರ್ ಕೆರೆದ ಜಾಗಕ್ಕೆ ಚಿಮುಕಿಸಿದೆ. ಹಳದಿಯಾಗಿದ್ದ ಹನಿ ನೋಡ ನೋಡುತ್ತಲೇ ಕಡುನೀಲಿಯಾಯಿತು. ಪಿಷ್ಟ ಇದ್ದರೆ ಅಯೋಡಿನ್ ನೀಲಿಯಾಗುತ್ತದೆ, ಸ್ಕೂಲಿನಲ್ಲಿ ಆಲೂಗಡ್ಡೆ ಮೇಲೆ ಮಾಡಿದ್ದೆವಲ್ಲ, ಅದೇ ಪರೀಕ್ಷೆ. ಹಳೇ ಅಂಟುಗಳಲ್ಲಿ ಪಿಷ್ಟ ಇರುತ್ತಿತ್ತು. ಅಂಟಿನ ಮೇಲೆ ಬಣ್ಣ ಹೊಡೆದರೆ ಅಂಟು ನೆನೆದು, ಮತ್ತೆ ಒಣಗಿ ಕುಗ್ಗುವಾಗ ಬಣ್ಣವನ್ನೂ ಎಳೆದು ಬಿರಿಸುತ್ತದೆ.

ಸಡಿಲ ಪ್ರೈಮರ್ ಕೆರೆದು, ಬಿಸಿನೀರನ್ನು ತೆಳ್ಳಗೆ ಚಿಮುಕಿಸಿ, ಅಂಟು ಮೆತ್ತಗಾಗಲು ಹತ್ತು ನಿಮಿಷ ಬಿಟ್ಟು, ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ತೆಗೆದೆವು. ಆಮೇಲೆ ಹಿಂಡಿದ ಸ್ಪಂಜು. ನೀರು ಧಾರಾಳವಾಗಿ ಸುರಿಯುವ ಹಾಗಿಲ್ಲ, ಒಳ್ಳೇ ಕಾಗದವೂ ನೆನೆದು ಕೆಡುತ್ತದೆ. ಈ ಕೆಲಸದಲ್ಲಿ ಅಕ್ಕನ ಕೈ ನನಗಿಂತ ಚೆನ್ನಾಗಿ ಓಡಿತು. ಬಕೆಟ್ ನೀರು ಪದೇ ಪದೇ ಬದಲಿಸುತ್ತಾ, ಒಂದು ಪಟ್ಟಿ ಮುಗಿಸಿ ಅಯೋಡಿನ್ ಚಿಮುಕಿಸಿ ನೋಡಿ, ನೀಲಿ ಬರಲಿಲ್ಲ ಅಂದ ಮೇಲೇ ಮುಂದಿನ ಪಟ್ಟಿಗೆ ಹೋಗುತ್ತಿದ್ದಳು. ಅದು ಚೆನ್ನಾಗಿ ಒಣಗಿದ ಮೇಲೆ ಆ ಗೋಡೆಗೂ ಒಂದು ಕೈ ಸೀಲರ್ ಹಾಕಿದೆವು, ಎಲ್ಲಾದರೂ ಅಂಟಿನ ಪಸೆ ಉಳಿದಿದ್ದರೂ ಮೇಲೆ ಬರಬಾರದು ಅಂತ.

ಎದ್ದ ಮೊಳೆಗಳ ಕೆಲಸ ಸುಲಭ. ಮರ ಒಣಗಿ ಕುಗ್ಗಿದಾಗ ಮೊಳೆ ತಲೆ ಹೊರಗೆ ಬರುತ್ತದೆ. ಮತ್ತೆ ಸುತ್ತಿಗೆಯಲ್ಲಿ ಹೊಡೆದು ಕಳಿಸಿದರೆ ಮುಂದಿನ ಚಳಿಗಾಲಕ್ಕೆ ಮತ್ತೆ ಹಾಜರು. ಮೊಳೆಯ ಮೇಲೊಂದು ಕೆಳಗೊಂದು ಒಂದೂಕಾಲು ಇಂಚಿನ ಡ್ರೈವಾಲ್ ಸ್ಕ್ರೂ ಹಾಕಿ ಹಲಗೆಯನ್ನು ಕಂಬಕ್ಕೆ ಬಿಗಿದು, ಆಮೇಲೆ ಹಳೇ ಮೊಳೆ ಕಿತ್ತೆವು. ಸ್ಕ್ರೂ ತಲೆ ಕಾಗದವನ್ನು ಒಳಕ್ಕೆ ಒತ್ತಬೇಕು, ಹರಿಯಬಾರದು. ಹರಿದರೆ ಆ ಸ್ಕ್ರೂ ಇದ್ದೂ ಇಲ್ಲದ ಹಾಗೆ. ಹಿಡಿಯುವುದು ಕಾಗದ ಅಂತ ಆಗಲೇ ಹೇಳಿದೆನಲ್ಲ.

ಟೇಪು ಬಿಟ್ಟಿದ್ದು ಒಂದು ಉದ್ದನೆಯ ನಿಲುವು ಸಂದಿಯಲ್ಲಿ, ಹಲಗೆಗಳ ಗಿಡ್ಡ ಅಂಚು ಕೂಡಿದ ಕಡೆ. ಡ್ರೈವಾಲ್ ಹಲಗೆಯ ಉದ್ದನೆಯ ಅಂಚು ಸ್ವಲ್ಪ ತೆಳುವಾಗಿರುತ್ತದೆ, ಟೇಪು ಮತ್ತು ಮಡ್ ಆ ತಗ್ಗಿನಲ್ಲಿ ಕೂರುತ್ತವೆ. ಗಿಡ್ಡ ಅಂಚಿಗೆ ಆ ತಗ್ಗಿಲ್ಲ. ಎರಡು ಗಿಡ್ಡ ಅಂಚು ಕೂಡಿದ ಕಡೆ ಟೇಪು ಹಾಕಿದರೆ ಉಬ್ಬು ಬಂದೇ ಬರುತ್ತದೆ. ಅದನ್ನು ಉಜ್ಜಿ ಸಪಾಟು ಮಾಡೋಕೆ ಹೋದರೆ ಟೇಪೇ ಹರಿಯುತ್ತದೆ. ಉಬ್ಬನ್ನು ಅಗಲಕ್ಕೆ ಹರಡಿ ಕಣ್ಣಿಗೆ ಕಾಣದ ಹಾಗೆ ಮಾಡುವುದೊಂದೇ ದಾರಿ. ಸಡಿಲ ಟೇಪು ಕೊಯ್ದು ತೆಗೆದು, ಸಂದಿಯನ್ನು ಚೂರು ಅಗಲಿಸಿ, ಪುಡಿಯಲ್ಲಿ ಬರುವ ಸೆಟ್ಟಿಂಗ್ ಕಾಂಪೌಂಡ್ ತುಂಬಿ, ಅದರ ಮೇಲೆ ಕಾಗದದ ಟೇಪು ಕೂರಿಸಿದೆವು. ಆಮೇಲೆ ಒಂದೊಂದು ಪದರಕ್ಕೂ ಅಗಲ ಹೆಚ್ಚಿಸುತ್ತಾ ಎರಡು ಅಡಿಯವರೆಗೆ ಎಳೆದೆವು. ಅಂಟುವ ಬಲೆ ಟೇಪು ಹಾಕಲು ಸುಲಭ, ನಿಜ. ಆದರೆ ಆಡುವ ಸಂದಿಗೆ ನಾನು ಕಾಗದವನ್ನೇ ನಂಬುತ್ತೇನೆ.

ಡಬ್ಬಿಯಲ್ಲಿ ಕಲಸಿಯೇ ಬರುವ ಕಾಂಪೌಂಡ್ ಗಟ್ಟಿಯಾಗುವುದು ನೀರು ಆರಿ. ಹಾಗಾಗಿ ಅದು ಕುಗ್ಗುತ್ತದೆ, ದಪ್ಪ ಹಾಕಿದರೆ ಬಿರಿಯುತ್ತದೆ. ಸೆಟ್ಟಿಂಗ್ ಕಾಂಪೌಂಡ್ ನೀರಿನ ಜೊತೆ ರಾಸಾಯನಿಕವಾಗಿ ಸೇರಿ ಮತ್ತೆ ಜಿಪ್ಸಮ್ ಆಗುತ್ತದೆ, ನಮ್ಮ ಪಿಒಪಿ ಗಟ್ಟಿಯಾಗುವ ಹಾಗೆ. ಕುಗ್ಗುವುದು ಬಹಳ ಕಮ್ಮಿ. ಚೀಲದ ಮೇಲೆ 20, 45, 90 ಅಂತ ಬರೆದಿರುವುದು ಗಟ್ಟಿಯಾಗಲು ಹಿಡಿಯುವ ನಿಮಿಷಗಳ ಅಂದಾಜು. ಬಕೆಟ್ ತೊಳೆಯದೆ ಎರಡನೇ ಸಲ ಕಲಸಿದರೆ, ತಳದಲ್ಲಿ ಉಳಿದ ಗಟ್ಟಿ ಚೂರುಗಳು ಹೊಸ ಮಿಶ್ರಣವನ್ನು ಎಷ್ಟೋ ಬೇಗ ಗಟ್ಟಿ ಮಾಡಿಬಿಡುತ್ತವೆ. ತೇಪೆಗೆ, ಗುಳ್ಳೆ ಕೊಯ್ದ ತಗ್ಗಿಗೆ, ಸಂದಿಗೆ ಸೆಟ್ಟಿಂಗ್ ಕಾಂಪೌಂಡ್. ಮೇಲಿನ ನಯಕ್ಕೆ ಡಬ್ಬಿಯ ಹಗುರ ಕಾಂಪೌಂಡ್, ಅದನ್ನು ಉಜ್ಜುವುದು ಸುಲಭ.

ಇಷ್ಟು ಮುಗಿದಾಗ ಭಾವ, "ಇನ್ನು ಪ್ರೈಮರ್ ಹೊಡೆದು ಬಣ್ಣ ಹಚ್ಚೋದೇ ಅಲ್ವಾ?" ಅಂದರು. ಕೋಣೆ ಬೇರೆ ಆಗಿದ್ದರೆ ಹೂಂ ಅನ್ನಬಹುದಿತ್ತು. ಅಕ್ಕನಿಗೆ ಒರೆಸಲು ಬರುವ, ಸ್ವಲ್ಪ ಹೊಳಪಿನ ಬಣ್ಣವೇ ಬೇಕಿತ್ತು. "ಊಟದ ಕೋಣೆ ಕಣೋ, ಸಾರು ಸಿಡಿಯುತ್ತೆ, ಮಕ್ಕಳು ಕೈ ಒರೆಸ್ತಾರೆ" ಅಂದಳು. ಅವಳ ಮಾತೂ ಸರಿ. ಆದರೆ ಕಿಟಕಿ ಪಶ್ಚಿಮಕ್ಕಿದೆ. ಸಂಜೆ ಬಿಸಿಲು ಪಕ್ಕದ ಗೋಡೆ ಮೇಲೆ ಅಡ್ಡಡ್ಡ ಬೀಳುತ್ತದೆ. ಹೊಳಪು ಬಣ್ಣ ಮತ್ತು ಅಡ್ಡ ಬಿಸಿಲು ಸೇರಿದರೆ ಕಾಗದ ಇರುವ ಜಾಗಕ್ಕೂ ಮಡ್ ಇರುವ ಜಾಗಕ್ಕೂ ಇರುವ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ಹಲಗೆ ತಯಾರಕರ ಸಂಘವಾದ ಜಿಪ್ಸಮ್ ಅಸೋಸಿಯೇಷನ್‌ನ ಜಿಎ-214 ಎಂಬ ಮಾನದಂಡದಲ್ಲಿ ಡ್ರೈವಾಲ್ ಫಿನಿಶ್‌ಗೆ 0ಯಿಂದ 5ರವರೆಗೆ ಮಟ್ಟಗಳಿವೆ. ಮನೆಗಳಲ್ಲಿ ಸಾಮಾನ್ಯವಾಗಿ 4ಕ್ಕೆ ನಿಲ್ಲಿಸುತ್ತಾರೆ. 5 ಅಂದರೆ ಇಡೀ ಗೋಡೆಗೆ ತೆಳು ಪದರ ಎಳೆಯುವುದು. ಹೊಳಪು ಬಣ್ಣಕ್ಕೆ, ಅಡ್ಡ ಬೆಳಕಿಗೆ ಹೇಳಿರುವುದೇ 5. ಇಲ್ಲಿ ಎರಡೂ ಇದ್ದವು.

ಹಗುರ ಕಾಂಪೌಂಡ್‌ಗೆ ಸ್ವಲ್ಪ ನೀರು ಬೆರೆಸಿ ಸೆಟ್ ದೋಸೆ ಹಿಟ್ಟಿನ ಹದಕ್ಕೆ ತಂದೆವು. ದಪ್ಪ ರೋಮದ ರೋಲರಿನಲ್ಲಿ ಒಂದು ಚೂರು ಗೋಡೆಗೆ ಹಚ್ಚುವುದು, ತಕ್ಷಣ 12 ಇಂಚು ಅಗಲದ ನೈಫಿನಲ್ಲಿ (ಪುಟ್ಟಿ ಎಳೆಯುವ ಚಪ್ಪಟೆ ತಗಡಿನಲ್ಲಿ) ಒತ್ತಿ ಎಳೆದು ತೆಗೆಯುವುದು. ಗೋಡೆ ಮೇಲೆ ಉಳಿಯುವುದು ತೆಳು ಪೊರೆ ಮಾತ್ರ. ಮೊದಲ ಪದರ ಮೇಲಿಂದ ಕೆಳಗೆ, ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ನೈಫಿನ ಎರಡು ಎಳೆತದ ನಡುವೆ ಏಳುವ ಗೆರೆಗಳನ್ನು ಹಸಿಯಿರುವಾಗ ಮುಟ್ಟಬಾರದು. ಒಣಗಿದ ಮೇಲೆ ನೈಫನ್ನೇ ಅಡ್ಡ ಹಿಡಿದು ಕೆರೆದರೆ ಉದುರುತ್ತವೆ. ಗೋಡೆ ಹಸಿಯಿರುವಾಗ ಮತ್ತೆ ಮತ್ತೆ ಸವರುವುದರಿಂದ ಕೆಡುವಷ್ಟು ಇನ್ಯಾವುದರಿಂದಲೂ ಕೆಡುವುದಿಲ್ಲ.

ಸ್ಯಾಂಡಿಂಗ್‌ಗೆ ಮೊದಲು ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆವು. ಹೀಟರ್-ಎಸಿ ಗಾಳಿ ಒಳಗೆ ಹೋಗುವ, ಹೊರಗೆ ಬರುವ ಜಾಲರಿಗಳನ್ನು ಮುಚ್ಚಿದೆವು. ಇದನ್ನು ಮರೆತರೆ ಬಿಳಿ ಧೂಳು ದೇವರ ಕೋಣೆಯಿಂದ ಮಹಡಿಯ ಹಾಸಿಗೆವರೆಗೆ ಎಲ್ಲಾ ಕಡೆ ಕೂರುತ್ತದೆ. ಕಾಂಪೌಂಡ್ ಧೂಳಿನಲ್ಲಿ ಸಿಲಿಕಾ ಇರಬಹುದು, ಹಾಗಾಗಿ ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಬೇಕು. ವ್ಯಾಕ್ಯೂಮಿಗೆ ಜೋಡಿಸಿದ ಸ್ಯಾಂಡರಿನಲ್ಲಿ 150 ನಂಬರಿನ ಸ್ಯಾಂಡ್ ಪೇಪರ್, ಕೊನೆಗೆ ಇನ್ನೂ ನಯವಾದ 220. ಆಗಲೂ ಟಾರ್ಚ್ ಅಡ್ಡ ಹಿಡಿದೇ ಉಜ್ಜಿದೆವು.

ಪ್ರೈಮರ್ ಒಂದು ಕೈ ಹೊಡೆದ ಮೇಲೆ ಗೋಡೆ ಪೂರ್ತಿ ಒಂದೇ ಬಣ್ಣಕ್ಕೆ ಬಂತು. ಅಲ್ಲಿಯವರೆಗೆ ಕಣ್ಣಿಗೆ ಬೀಳದ ಗೀರು, ಸಣ್ಣ ತೂತು ಎಲ್ಲಾ ಆಗ ಕಂಡವು. ಅವನ್ನು ತುಂಬಿ, ಉಜ್ಜಿ, ಅಷ್ಟು ಜಾಗಕ್ಕೆ ಮತ್ತೆ ಪ್ರೈಮರ್ ಕೊಟ್ಟು, ಆಮೇಲೆ ಎರಡು ಕೈ ಬಣ್ಣ. ಆ ಸಂಜೆ ಬಿಸಿಲು ಬೀಳುವ ಹೊತ್ತಿಗೆ ಭಾವ ಗೋಡೆಗೆ ಕೆನ್ನೆ ತಾಗಿಸಿ ಉದ್ದಕ್ಕೆ ನೋಡಿದರು. "ಸಂದಿ ಎಲ್ಲಿತ್ತು ಅಂತ ಗೊತ್ತೇ ಆಗ್ತಿಲ್ವಲ್ಲೋ" ಅಂದರು.

ಈಗ ಒಂದು ಚಳಿಗಾಲ ಕಳೆದಿದೆ. ಹೀಟರ್ ಹಗಲೂ ರಾತ್ರಿ ಓಡಿ ಮನೆಯ ಮರವೆಲ್ಲ ಒಣಗಿ ಕುಗ್ಗುವ ಕಾಲ ಅದು. ಗುಳ್ಳೆ ಒಂದೂ ಎದ್ದಿಲ್ಲ, ಹಳೇ ಅಂಟು ಉಳಿದಿದ್ದ ಗೋಡೆ ಬಿರಿದಿಲ್ಲ. ಕಿಟಕಿಯ ಮೇಲಿನ ಬಲ ಮೂಲೆಯಿಂದ ಮಾತ್ರ ಕೂದಲೆಳೆಯಷ್ಟು ತೆಳುವಾದ ಬಿರುಕು ಓರೆಯಾಗಿ ಹೊರಟಿದೆ. ಕಿಟಕಿ ಮೂಲೆಗಳಲ್ಲಿ ಚೌಕಟ್ಟಿನ ಎಳೆತವೆಲ್ಲ ಬಂದು ಸೇರುವುದರಿಂದ ಅಲ್ಲಿ ಇದು ಸಾಮಾನ್ಯ. ಬೇಸಿಗೆಯಲ್ಲಿ ಮರ ಹಿಗ್ಗಿದಾಗ ಅದು ಮುಚ್ಚಿಕೊಳ್ಳುತ್ತದೋ ಇಲ್ಲವೋ ನೋಡಿಕೊಂಡು, ಬೇಕಾದರೆ ಅಷ್ಟು ಜಾಗ ಕೊಯ್ದು ಕಾಗದದ ಟೇಪು ಹಾಕುವುದು ಅಂತ ಮಾತಾಗಿದೆ. ಅದಕ್ಕೆ ಬೇಕಾಗುವಷ್ಟು ಬಣ್ಣವನ್ನು ಅಕ್ಕ ಒಂದು ಡಬ್ಬಿಯಲ್ಲಿ ಮುಚ್ಚಿ, ಮೇಲೆ ಬಣ್ಣದ ನಂಬರ್ ಬರೆದು ನೆಲಮಾಳಿಗೆಯಲ್ಲಿ ಇಟ್ಟಿದ್ದಾಳೆ.